ಈ ಅಜ್ಜನಿಗೆ ಯಾರೂ ನಗು ಅಂದಿಲ್ಲ

ಶನಿವಾರದಿಂದ ಅಮ್ಮನ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಅಮ್ಮ ಹಾಸನದಿಂದ ಬಂದು ಮೂರು ವಾರ ಆಯ್ತು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನ ನಮ್ಮ ಮನೆಯಿಂದ ಹೇಗ್ ನಗರಕ್ಕೆ ಟ್ರೈನಲ್ಲಿ ಕಾಲು ಗಂಟೆ. ಹೊರಗೆ ಜಿಟಿಜಿಟಿ ಮಳೆ, ಸುತ್ತಾಡೋ ಹಾಗಿರಲಿಲ್ಲ. ಮೌರಿಟ್ಸ್‌ಹೌಸ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ವರ್ಮೀರ್ ಬರೆದ 'ಮುತ್ತಿನ ಓಲೆಯ ಹುಡುಗಿ' ಚಿತ್ರದ ಮುಂದೆ ಜನವೋ ಜನ, ಎಲ್ಲರ ಕೈಯಲ್ಲೂ ಫೋನು. ಅಮ್ಮ ಸಂದಿಯಲ್ಲಿ ಇಣುಕಿ, "ಲಕ್ಷಣವಾಗಿದಾಳೆ" ಅಂತ ಹೇಳಿ ಮುಂದೆ ನಡೆದಳು. ಅವಳು ಗಟ್ಟಿಯಾಗಿ ನಿಂತಿದ್ದು ಡಚ್ ಚಿತ್ರಕಾರ ರೆಂಬ್ರಾಂಟ್ 1669ರಲ್ಲಿ ಬರೆದುಕೊಂಡ ತನ್ನದೇ ಚಿತ್ರದ ಮುಂದೆ. ತಲೆಗೆ ಬಟ್ಟೆ ಸುತ್ತಿದ ಹಾಗಿರುವ ಟೋಪಿ, ನರೆತ ಗುಂಗುರು ಕೂದಲು, ಜೋತುಬಿದ್ದ ಕೆನ್ನೆ. ಆಗ ಆತನಿಗೆ 63. ಅದೇ ವರ್ಷ ತೀರಿಕೊಂಡ.

ನಾನು ಫೋನ್ ತೆಗೆದೆ. "ಅಮ್ಮ, ಅಲ್ಲೇ ನಿಂತ್ಕೋ, ಒಂದು ಫೋಟೊ. ಸ್ವಲ್ಪ ನಗು."

ಅಮ್ಮ ನನ್ನ ಕಡೆ ತಿರುಗಲೂ ಇಲ್ಲ. "ಈ ಅಜ್ಜನಿಗೆ ಯಾರೂ ನಗು ಅಂದಿಲ್ಲ ನೋಡು" ಅಂದಳು.

ಅಮ್ಮನಿಗೆ ಈಗ 68. ತನಗಿಂತ ಚಿಕ್ಕವನನ್ನು ಅಜ್ಜ ಅಂದಳು. ಆ ಮುಖದಲ್ಲಿ ಅಷ್ಟು ವಯಸ್ಸು ಕಾಣುತ್ತಿತ್ತು. ಹಿಂದಿನ ವರ್ಷವಷ್ಟೇ ಆತನ ಮಗ ಟೈಟಸ್ ಸತ್ತಿದ್ದ ಅಂತ ನಾನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಗನನ್ನ ಕಳ್ಕೊಂಡ ಮೇಲೂ ಕನ್ನಡಿ ಮುಂದೆ ಕೂತು ಬರೆದನಾ?" ಅಂತ ಕೇಳಿದಳು.

ವಾಪಸ್ ಬರುವಾಗ ಟ್ರೈನಲ್ಲಿ ಫೋನ್ ತೆಗೆದು ಅಮ್ಮನ ಫೋಟೊಗಳನ್ನು ಒಂದೊಂದಾಗಿ ನೋಡಿದೆ. ನೂರಾರು ಇವೆ. ಎಲ್ಲದರಲ್ಲೂ ಒಂದೇ ಬಿಗಿದ ತುಟಿ. ಎರಡು ವರ್ಷದ ಹಿಂದೆ ಅವಳ ಮುಂದಿನ ಹಲ್ಲು ಬಿದ್ದಿತ್ತು. ನಾನು ನಗು ನಗು ಅಂದಾಗಲೆಲ್ಲ ಅವಳು ಬಾಯಿ ಮುಚ್ಚುತ್ತಿದ್ದಳು. ಇಷ್ಟು ದಿನ ನನಗೆ ಅದು ಕಂಡೇ ಇರಲಿಲ್ಲ.

ಈ ಅಜ್ಜನಿಗೆ ಯಾರೂ ನಗು ಅಂದಿಲ್ಲ. ನಿಜ. ಆದರೆ ಆತನೂ ಒಂದು ಕಾಲದಲ್ಲಿ ಮುಖದ ಆಟ ಆಡಿದವನೇ. 1630ರ ಹೊತ್ತಿಗೆ, ಇಪ್ಪತ್ತನಾಲ್ಕರ ಹುಡುಗ, ಸಣ್ಣ ಸಣ್ಣ ಎಚಿಂಗ್‌ಗಳಲ್ಲಿ, ಅಂದರೆ ತಾಮ್ರದ ತಗಡಿನ ಮೇಲೆ ಗೀರಿ ಕಾಗದಕ್ಕೆ ಅಚ್ಚು ಹಾಕಿದ ಚಿತ್ರಗಳಲ್ಲಿ, ತನ್ನನ್ನೇ ಬರೆದುಕೊಂಡಿದ್ದಾನೆ. ಒಂದರಲ್ಲಿ ನಗು, ಇನ್ನೊಂದರಲ್ಲಿ ಬೆಚ್ಚಿಬಿದ್ದು ಅಗಲವಾದ ಕಣ್ಣು. ಬಣ್ಣದಲ್ಲೇ ಸುಮಾರು ನಲವತ್ತು ಸಲ ತನ್ನ ಮುಖ ಬರೆದ. ಬರೀತಾ ಬರೀತಾ ಆ ಆಟಗಳೆಲ್ಲ ಬಿಟ್ಟುಹೋದವು. ಕೊನೆಗೆ ಸುಮ್ನೆ ನೋಡುತ್ತಾನೆ, ಅಷ್ಟೇ.

ನಮ್ಮ ಫೋಟೊಗ್ರಫಿ ಗೆಳೆಯರ ಗುಂಪಿನಲ್ಲಿ ಈತನ ಹೆಸರು ಬರುವುದು ಲೈಟಿನ ವಿಷಯಕ್ಕೆ ಮಾತ್ರ. 'ರೆಂಬ್ರಾಂಟ್ ಲೈಟಿಂಗ್', ಅಂದರೆ ನೆರಳಿನ ಕಡೆಯ ಕೆನ್ನೆಯ ಮೇಲೆ ಬೆಳಕಿನ ಒಂದು ಚಿಕ್ಕ ತ್ರಿಕೋನ. ಒಳ್ಳೆಯ ಜನ, ಆದರೆ ಲೆನ್ಸಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಮುಂದೆ ಕೂತವರ ಹತ್ತಿರ ಎರಡು ಮಾತೂ ಆಡುವುದಿಲ್ಲ. ನನಗೆ ಅದು ಮೊದಲಿನಿಂದಲೂ ಬೇಸರವೇ. ಶನಿವಾರ ಆ ಚಿತ್ರದ ಹತ್ತಿರ ನಿಂತಾಗ ನನಗೆ ತ್ರಿಕೋನ ಹುಡುಕಬೇಕು ಅನ್ನಿಸಲೇ ಇಲ್ಲ. ಬೆಳಕು ಬಿದ್ದ ಕಡೆ, ಹಣೆ, ಮೂಗಿನ ಮೇಲೆ, ಬಣ್ಣ ದಪ್ಪಗೆ ಮೆತ್ತಿದೆ. ಕೋಟು ಮಾತ್ರ ಹಿಂದಿನ ಕಂದು ಬಣ್ಣದಲ್ಲಿ ಹೆಚ್ಚುಕಡಿಮೆ ಮುಳುಗಿಹೋಗಿದೆ. ಎಲ್ಲವನ್ನೂ ತೋರಿಸಬೇಕು ಅನ್ನುವ ಹಟ ಆತನಿಗಿಲ್ಲ. ನಮ್ಮ ಫೋನು ತನ್ನಷ್ಟಕ್ಕೆ ಎಲ್ಲ ನೆರಳನ್ನೂ ತೆರೆದುಬಿಡುತ್ತದೆ, ಚರ್ಮವನ್ನು ನುಣ್ಣಗೆ ಮಾಡುತ್ತದೆ. ಸ್ಕ್ರೀನಲ್ಲಿ ಕಾಣುವ ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಕೆಳಗೆ ಎಳೆದರೆ ಸಾಕು, ನೆರಳು ನೆರಳಾಗೇ ಉಳಿಯುತ್ತದೆ. ಇಷ್ಟು ಸಣ್ಣ ಕೆಲಸ.

ಅಪ್ಪನ ಫೋಟೊ ನೆನಪಾಯ್ತು. ಊರಲ್ಲಿ ಗೋಡೆ ಮೇಲೆ ಹಾರ ಹಾಕಿರೋದು. ಅಪ್ಪ ಹೋದ ದಿನ ಮನೆಯಲ್ಲಿ ಒಂದು ಸರಿಯಾದ ಫೋಟೊ ಸಿಗಲಿಲ್ಲ. ಯಾರದ್ದೋ ಮದುವೆಯ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸಿದೆವು. ಸ್ಟುಡಿಯೋದವರು ಹಣೆಯ ಗೆರೆ ಅಳಿಸಿ, ಕೆನ್ನೆ ಬೆಳ್ಳಗೆ ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ ಕೊಟ್ಟರು. ಅದರಲ್ಲಿ ಅಪ್ಪ ಇಲ್ಲ. ಆಗಲೇ ನನ್ನ ಹತ್ತಿರ ಕ್ಯಾಮೆರಾ ಇತ್ತು. ಬೆಟ್ಟ, ಹಕ್ಕಿ, ಮಂಜಿನ ಹನಿ ಎಲ್ಲ ತೆಗೆದಿದ್ದೆ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೆಂಬ್ರಾಂಟ್ ಇದ್ದ ಮನೆ ಈಗ ಮ್ಯೂಸಿಯಂ. ಚಿತ್ರ ಬರೆಯುತ್ತಿದ್ದ ದೊಡ್ಡ ಕೋಣೆಯ ಕಿಟಕಿಗಳು ಉತ್ತರಕ್ಕಿವೆ. ನೇರ ಬಿಸಿಲು ಬೀಳಲ್ಲ, ಬೆಳಕು ಬೇಗ ಬೇಗ ಬದಲಾಗಲ್ಲ. ನಮ್ಮ ಅಡುಗೆಮನೆಯ ಕಿಟಕಿಯೂ ಉತ್ತರಕ್ಕೇ ಇದೆ.

ಮಂಗಳವಾರ ಬೆಳಿಗ್ಗೆ ಅಮ್ಮ ಅಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ಲೈಟ್ ಆರಿಸಿ ಎದುರಿಗೆ ಕೂತೆ. ಫೋನ್ ಮೇಜಿನ ಮೇಲಿಟ್ಟೆ. ನಗು ಅನ್ನಲಿಲ್ಲ, ಈ ಕಡೆ ನೋಡು ಅನ್ನಲಿಲ್ಲ. ಮೊದಲು ಅವಳು ಸೆರಗು ಸರಿ ಮಾಡಿಕೊಂಡಳು, ಕೂದಲು ಒತ್ತಿಕೊಂಡಳು. ಆಮೇಲೆ ನನ್ನನ್ನು ಮರೆತು ಅಪ್ಪನ ಮಾತು ತೆಗೆದಳು. ಮದುವೆಯಾದ ಹೊಸದರಲ್ಲಿ ಅವರು ಮೆಂತ್ಯ ಸೊಪ್ಪು ಮುಟ್ಟುತ್ತಲೇ ಇರಲಿಲ್ಲವಂತೆ. ಹೇಳುತ್ತಾ ಹೇಳುತ್ತಾ ಮಾತು ನಿಂತಿತು. ಕೈಯಲ್ಲಿ ಕಡ್ಡಿ ಹಾಗೇ ಇತ್ತು. ಕಣ್ಣು ಕಿಟಕಿಯ ಕಡೆ. ಆಗ ಎರಡು ಫೋಟೊ ತೆಗೆದೆ.

ತೋರಿಸಿದೆ. ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಏನೂ ಅನ್ನಲಿಲ್ಲ.

"ಇದು ನಮ್ಮಮ್ಮ ಕಣೇ" ಅಂದಳು.

ಅಜ್ಜಿಯದ್ದು ಒಂದೇ ಒಂದು ಫೋಟೊ ನಮ್ಮ ಮನೆಯಲ್ಲಿಲ್ಲ. ನಾನು ಹುಟ್ಟುವ ಮೊದಲೇ ಹೋದವಳು, ಹೇಗಿದ್ದಳು ಅಂತ ನನಗೆ ಗೊತ್ತಿಲ್ಲ. ಅಮ್ಮ ಫೋನ್ ವಾಪಸ್ ಕೊಡಲಿಲ್ಲ. ಸೊಪ್ಪು ಮುಂದೆ ಹಾಗೇ ಬಿದ್ದಿತ್ತು. ಸ್ಕ್ರೀನ್ ಆರಿಹೋದಾಗಲೆಲ್ಲ, "ಇದನ್ನ ಇನ್ನೊಂದು ಸಲ ಹಚ್ಚಿಕೊಡು" ಅನ್ನುತ್ತಿದ್ದಳು.