ಸಿಯೆನಾದ ಕಾಂಪೊ: ಕಾಯಿದೆ ಕಟ್ಟಿದ ಚೌಕ

ಯುರೋಪಿನ ಹೆಸರಾಂತ ಚೌಕಗಳಲ್ಲಿ ಹಲವಕ್ಕೆ ಒಬ್ಬ ದೊರೆಯ ಅಥವಾ ಒಬ್ಬ ವಾಸ್ತುಶಿಲ್ಪಿಯ ಹೆಸರು ಅಂಟಿಕೊಂಡಿರುತ್ತದೆ. ಇಟಲಿಯ ಸಿಯೆನಾ ನಗರದ ಪಿಯಾತ್ಸಾ ದೆಲ್ ಕಾಂಪೊಗೆ ಅಂಥ ಕರ್ತೃವಿಲ್ಲ. ಅದನ್ನು ರೂಪಿಸಿದ್ದು ನೆಲದ ಇಳಿಜಾರು ಮತ್ತು ವರ್ತಕರ ಸರ್ಕಾರವೊಂದರ ಕಟ್ಟುನಿಟ್ಟಿನ ಕಾಯಿದೆಗಳು ಎಂಬುದು ನನ್ನ ಎಣಿಕೆ.

ಮೂರು ಗುಡ್ಡಗಳ ಮೇಲೆ ಹಬ್ಬಿರುವ ಊರಿನಲ್ಲಿ ಆ ಗುಡ್ಡಗಳು ಸಂಧಿಸುವ ತಗ್ಗೇ ಈ ಜಾಗ. ಮಳೆನೀರು ಹರಿದು ಸೇರುತ್ತಿದ್ದ ಈ ಬಯಲು ಸಂತೆಗೆ ಒದಗುತ್ತಿತ್ತು. 1287ರಿಂದ 1355ರವರೆಗೆ ಸಿಯೆನಾವನ್ನು ಆಳಿದ ‘ಒಂಬತ್ತು ಮಂದಿಯ ಸರ್ಕಾರ’ವು ಹಳೆಯ ಶ್ರೀಮಂತ ಮನೆತನಗಳನ್ನು ಹೊರಗಿಟ್ಟು, ವರ್ತಕರೂ ಲೇವಾದೇವಿದಾರರೂ ಎರಡೆರಡು ತಿಂಗಳ ಸರದಿಯಲ್ಲಿ ಅಧಿಕಾರ ನಡೆಸುವ ವ್ಯವಸ್ಥೆಯಾಗಿತ್ತು. 1297ರ ಸುಮಾರಿಗೆ ಅದು ಇಳಿಜಾರಿನ ತಳದಲ್ಲಿ ತನ್ನ ಆಡಳಿತ ಭವನವಾದ ಪಲಾತ್ಸೊ ಪುಬ್ಲಿಕೊವನ್ನು ಕಟ್ಟಲು ಆರಂಭಿಸಿತು. ಅಧಿಕಾರದ ಕಟ್ಟಡವನ್ನು ಎತ್ತರದಲ್ಲಿಡುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಚೌಕದ ಅತಿ ತಗ್ಗಿನಲ್ಲಿ ನಿಂತ ಈ ಭವನವನ್ನು ಜನ ಮೇಲಿನಿಂದ ನೋಡುವಂತಾದದ್ದು ನನಗೆ ಇಂದಿಗೂ ಸೋಜಿಗದ ಸಂಗತಿ.

ಅದೇ ವರ್ಷದ ಇನ್ನೊಂದು ಕಟ್ಟಳೆ, ಕಾಂಪೊ ಕಡೆಗೆ ಮುಖ ಮಾಡಿದ ಮನೆಗಳ ಕಿಟಕಿಗಳಲ್ಲಿ ಪುಟ್ಟ ಕಂಬಗಳಿರಬೇಕು, ಮುಂಚಾಚಿದ ಬಾಲ್ಕನಿ ಇರಕೂಡದು ಎಂದು ವಿಧಿಸಿತು. ಬೇರೆ ಬೇರೆ ಮಾಲೀಕರು ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಮನೆಗಳು ಇಂದು ಒಂದೇ ಗೋಡೆಯಂತೆ ಬಾಗಿ ನಿಂತಿರುವುದರ ಹಿಂದೆ ಈ ನಿಯಮದ ಪಾಲು ದೊಡ್ಡದು. ಒಬ್ಬ ಮಹಾನ್ ಶಿಲ್ಪಿಗಾಗಿ ಕಾಯದೆ, ಕಿಟಕಿಯ ಕಂಬದವರೆಗೂ ಯೋಚಿಸಿದ ಆ ಆಡಳಿತಗಾರರ ಹಠವನ್ನು ಮೆಚ್ಚದಿರಲಾಗದು.

ನೆಲಹಾಸು 1349ರ ಹೊತ್ತಿಗೆ ಮುಗಿಯಿತು. ಓರೆಯಾಗಿ ಹೆಣೆದಂತೆ ಜೋಡಿಸಿದ ಕೆಂಪು ಇಟ್ಟಿಗೆಗಳನ್ನು ಬಿಳಿಯ ಟ್ರಾವರ್ಟೈನ್ ಕಲ್ಲಿನ ಪಟ್ಟಿಗಳು ಒಂಬತ್ತು ಭಾಗಗಳಾಗಿ ಸೀಳುತ್ತವೆ. ಆಳುತ್ತಿದ್ದವರ ಸಂಖ್ಯೆಯೂ ಅದೇ. ಬೀಸಣಿಗೆಯ ಎಸಳುಗಳಂತೆ ಹರಡಿದ ಈ ಭಾಗಗಳು ಭವನದ ಮುಂದಿನ ಚರಂಡಿಯ ಬಾಯಿಯತ್ತ ಇಳಿಯುವುದರಿಂದ, ರಾಜಕೀಯ ಲಾಂಛನದಂತೆ ಕಾಣುವ ವಿನ್ಯಾಸವೇ ಮಳೆನೀರು ಹರಿಸುವ ಕೆಲಸವನ್ನೂ ಮಾಡುತ್ತದೆ.

ಕುಡಿಯುವ ನೀರಿನದು ಬೇರೆಯೇ ಕಥೆ. ಸಿಯೆನಾಕ್ಕೆ ನದಿಯಿಲ್ಲ. ‘ಬೊತ್ತಿನಿ’ ಎಂಬ ಸುರಂಗ ಕಾಲುವೆಗಳನ್ನು ಕೊರೆದು ತಂದ ನೀರು 1342ರಲ್ಲಿ ಚೌಕದ ಮೇಲಂಚನ್ನು ತಲುಪಿತು. ಅಲ್ಲಿನ ಫೊಂತೆ ಗಾಯಾ ಕಾರಂಜಿಗೆ ಯಾಕೊಪೊ ದೆಲ್ಲಾ ಕ್ವೆರ್ಚಾ 1419ರಲ್ಲಿ ಮುಗಿಸಿದ ಅಮೃತಶಿಲೆಯ ಉಬ್ಬುಶಿಲ್ಪಗಳು ಸವೆದುಹೋದ ಕಾರಣ, ಹತ್ತೊಂಬತ್ತನೆಯ ಶತಮಾನದಲ್ಲಿ ತೀತೊ ಸರ್ರೊಕ್ಕಿಯ ಪ್ರತಿಕೃತಿಗಳು ಅವುಗಳ ಸ್ಥಾನಕ್ಕೆ ಬಂದವು. ಮೂಲ ಶಿಲ್ಪಗಳನ್ನು ನೋಡಬೇಕಾದರೆ ಹಿಂದೆ ಆಸ್ಪತ್ರೆಯಾಗಿದ್ದು ಈಗ ವಸ್ತುಸಂಗ್ರಹಾಲಯವಾಗಿರುವ ಸಾಂತಾ ಮರಿಯಾ ದೆಲ್ಲಾ ಸ್ಕಾಲಾಕ್ಕೆ ಹೋಗಬೇಕು.

1348ರ ಪ್ಲೇಗ್ ಮಹಾಮಾರಿ ಊರಿನ ಜನಸಂಖ್ಯೆಯನ್ನೂ ಸಂಪತ್ತನ್ನೂ ಕುಗ್ಗಿಸಿತು. ಬದುಕುಳಿದವರ ಹರಕೆಯ ಚಾಪೆಲ್ 1352ರಲ್ಲಿ ಆಡಳಿತ ಭವನದ ತೋರ್ರೆ ದೆಲ್ ಮಾಂಜಾ ಗೋಪುರದ ಬುಡದಲ್ಲಿ ಆರಂಭವಾಯಿತು. ಆಮೇಲೆ ನಗರ ಹಿಂದಿನ ಹುರುಪಿಗೆ ಮರಳಲಿಲ್ಲ. 1555ರಲ್ಲಿ ಶರಣಾಗಿ, ಫ್ಲಾರೆನ್ಸಿನ ಮೆದಿಚಿ ಆಳ್ವಿಕೆಗೆ ಸೇರಿತು. ಮಧ್ಯಯುಗದ ರೂಪ ಇಷ್ಟರಮಟ್ಟಿಗೆ ಉಳಿದಿರಲು ಈ ಹಿನ್ನಡೆಯೂ ಒಂದು ಕಾರಣ.

ಪ್ರತಿ ವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಚೌಕದ ಅಂಚಿಗೆ ಮಣ್ಣು ಹಾಸಿ, ಹದಿನೇಳು ಕೇರಿಗಳ ಪೈಕಿ ಹತ್ತರ ಕುದುರೆಗಳನ್ನು ಪಾಲಿಯೊ ಪಂದ್ಯದಲ್ಲಿ ಮೂರು ಸುತ್ತು ಓಡಿಸುತ್ತಾರೆ. ನೀರಿಗೆ ಅನುಕೂಲವಾದ ಇಳಿಜಾರು ಆಗ ಅಪಾಯದ ಮೂಲವಾಗುತ್ತದೆ. ಸಾನ್ ಮಾರ್ತಿನೊ ತಿರುವಿನಲ್ಲಿ ಓಟದ ಹಾದಿ ಕೆಳಮುಖವಾಗಿ ಥಟ್ಟನೆ ಹೊರಳುವುದರಿಂದ, ಬೀಳುವ ಕುದುರೆ ಸವಾರರಿಗಾಗಿ ಅಲ್ಲಿನ ಗೋಡೆಗೆ ದಪ್ಪ ಮೆತ್ತೆಗಳನ್ನು ಕಟ್ಟುತ್ತಾರೆ.