ಹೊಗೆಯ ದಾರಿ

ಹಿತ್ತಲಿನ ಪಿಜ್ಜಾ ಒಲೆಗೆ ಇವತ್ತು ಚಿಮಣಿ ಕೂತಿತು.

"ಸಾರ್, ಗುಮ್ಮಟದ ನೆತ್ತಿ ಮೇಲೇ ಇಡೋದಲ್ವಾ?" ಅಂದರು ಮೇಸ್ತ್ರಿ.
ಅಲ್ಲ. ಮುಂದೆ, ಬಾಯಿಯ ಮೇಲೆ, ಗುಮ್ಮಟದಿಂದ ಆಚೆ.

ನೆತ್ತಿಯಲ್ಲಿ ತೂತು ಬಿಟ್ಟರೆ ಕಾವೆಲ್ಲ ನೆಟ್ಟಗೆ ಆಕಾಶಕ್ಕೆ. ಮುಂದಿದ್ದರೆ ಬಿಸಿಗಾಳಿ ಒಳಗೋಡೆಯನ್ನೆಲ್ಲ ಸವರಿ, ಇಟ್ಟಿಗೆಗೆ ಕಾವು ಕೊಟ್ಟು ಆಮೇಲೆ ಹೊರಡುತ್ತೆ. ತಣ್ಣನೆ ಗಾಳಿ ಅದೇ ಬಾಯಿಯ ಕೆಳಗಿಂದ ಒಳಗೆ ಬರುತ್ತೆ. ಉಸಿರು ತಗೊಳ್ಳೋದೂ ಬಿಡೋದೂ ಒಂದೇ ಬಾಯಲ್ಲಿ! ಅದಕ್ಕೇ ಬಾಯಿಯ ಎತ್ತರ ಗುಮ್ಮಟದ ಒಳ ಎತ್ತರದ ಸುಮಾರು 63% ಇರಬೇಕು ಅಂತಾರೆ. ನಮ್ಮದು 16 ಇಂಚಿಗೆ 10. ಈ ಲೆಕ್ಕ ನನಗೆ ತುಂಬಾ ಇಷ್ಟವಾಯ್ತು.

ಪಿಜ್ಜಾ ಈಗಲೇ ಇಲ್ಲ. ಗಾರೆ ಪೂರ್ತಿ ಗಟ್ಟಿಯಾಗಲಿ. ಆಮೇಲೂ ಒಂದು ವಾರ ದಿನಾ ಸಣ್ಣ ಬೆಂಕಿ ಅಷ್ಟೇ, ಒಳಗಿನ ತೇವ ನಿಧಾನವಾಗಿ ಆರಬೇಕು. ಅವಸರ ಮಾಡಿದರೆ ಬಿರುಕು.

ಆದರೂ ಮನಸ್ಸು ತಡೀಲಿಲ್ಲ. ಒಂದೇ ಒಂದು ಹಾಳೆ ಪೇಪರು ಹಚ್ಚಿ ನೋಡಿದೆ.

ಅಮ್ಮ ಪಕ್ಕದಲ್ಲೇ ಇದ್ದರು. ಎಷ್ಟೋ ವರ್ಷ ಬಚ್ಚಲ ಹಂಡೆ ಒಲೆ ಊದಿದವರು. ನಾನು ಕಡ್ಡಿ ಗೀರಿದ ತಕ್ಷಣ ಸೆರಗು ಕಣ್ಣಿಗೆ ಹೋಯ್ತು.

ಹೊಗೆ ಬಾಯಿವರೆಗೆ ಬಂದು, ತಿರುಗಿ, ಚಿಮಣಿ ಹತ್ತಿತು.

ಸೆರಗು ಹಿಡಿದುಕೊಂಡೇ ಅಮ್ಮ ಮೇಲೆ ನೋಡುತ್ತಾ ನಿಂತಿದ್ದರು.