ಲಂಡನ್ ಬ್ರಿಜ್‌ನಲ್ಲಿ ಒಂದು ಚಪ್ಪಾಳೆ: ಸಿಯಾಟಲ್‌ನ ಗ್ರಂಜ್ ಜಾಡು

ಅಮೆರಿಕದ ಸಿಯಾಟಲ್ ನಗರದ ಉತ್ತರಕ್ಕೆ ಅಂಟಿಕೊಂಡಿರುವ ಊರು ಶೋರ್‌ಲೈನ್. ಅಲ್ಲಿನ ಬ್ಯಾಲಿಂಜರ್ ವೇ ರಸ್ತೆಯಲ್ಲಿ, ಹಾದುಹೋಗುವವರು ತಿರುಗಿಯೂ ನೋಡದಂಥ ಕಟ್ಟಡವೊಂದರಲ್ಲಿ ಲಂಡನ್ ಬ್ರಿಜ್ ಸ್ಟುಡಿಯೋ ಇದೆ. 1985ರಲ್ಲಿ ಅದನ್ನು ಶುರುಮಾಡಿದವರು ರಿಕ್ ಮತ್ತು ರಾಜ್ ಪರಾಶರ್ ಸಹೋದರರು. ರಿಕ್‌ನ ನಿಜ ಹೆಸರು ರಾಕೇಶ್. ಸೌಂಡ್‌ಗಾರ್ಡನ್ ಬ್ಯಾಂಡ್‌ನ ‘ಲೌಡರ್ ದ್ಯಾನ್ ಲವ್’ ಆಲ್ಬಂ, ಆಲಿಸ್ ಇನ್ ಚೇನ್ಸ್‌ನ ‘ಫೇಸ್‌ಲಿಫ್ಟ್’ನ ಬಹುಭಾಗ, ‘ಟೆಂಪಲ್ ಆಫ್ ದ ಡಾಗ್’, ಪರ್ಲ್ ಜ್ಯಾಮ್‌ನ ‘ಟೆನ್’, ಮತ್ತೆ ಆಲಿಸ್ ಇನ್ ಚೇನ್ಸ್‌ನದೇ ‘ಜಾರ್ ಆಫ್ ಫ್ಲೈಸ್’ ಇಲ್ಲಿ ರೆಕಾರ್ಡ್ ಆದವು. ಗ್ರಂಜ್ ಎಂದು ಹೆಸರಾದ, ತೊಂಬತ್ತರ ದಶಕದ ಸಿಯಾಟಲ್ ರಾಕ್ ಅಂದರೆ ಪ್ರಾಣ ಬಿಡುವವರಿಗೆ ಇದಕ್ಕಿಂತ ದೊಡ್ಡ ಕ್ಷೇತ್ರ ಇನ್ನೊಂದಿಲ್ಲ.

ಸ್ಟುಡಿಯೋ ಇವತ್ತಿಗೂ ದುಡಿಯುತ್ತಿದೆ. ಒಳಗೆ ಯಾರಾದರೂ ರೆಕಾರ್ಡ್ ಮಾಡುತ್ತಿದ್ದರೆ ಪ್ರವಾಸಿಗರಿಗೆ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಮೊದಲೇ ಕಾಯ್ದಿರಿಸಿಯೇ ಹೋಗಬೇಕು. ಲೈಟ್ ರೈಲು 2024ರ ಆಗಸ್ಟ್‌ನಿಂದ ಶೋರ್‌ಲೈನ್ ದಾಟಿ ಲಿನ್‌ವುಡ್‌ವರೆಗೆ ಓಡುತ್ತಿದೆ. ಶೋರ್‌ಲೈನ್ ನಾರ್ತ್ ನಿಲ್ದಾಣದಲ್ಲಿ ಇಳಿದರೆ ಮುಂದೆ ಎರಡು ಕಿಲೋಮೀಟರ್‌ಗೂ ಹೆಚ್ಚು ದೂರವಿದೆ. ಮಳೆಗಾಲದಲ್ಲಿ ನಡೆಯುವ ಸಾಹಸ ಬೇಡ.

ಒಳಗಿನ ನೀವ್ 8048 ಕನ್ಸೋಲ್, ಅಂದರೆ ಎಲ್ಲ ಮೈಕ್‌ಗಳ ಸದ್ದು ಬಂದು ಸೇರುವ ಗುಂಡಿಗಳ ಮೇಜು, ಎಪ್ಪತ್ತರ ದಶಕದ್ದು. ಎಲ್ಲರೂ ಮೊದಲು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಬೇಕಾದದ್ದು ಗಾಜಿನ ಆಚೆ ಇದೆ: ಎತ್ತರದ ಚಾವಣಿಯ, ಡ್ರಮ್ಸ್ ಇಡುವ ದೊಡ್ಡ ಕೋಣೆ. ಜಾಗ ತೋರಿಸುತ್ತಿದ್ದ ಎಂಜಿನಿಯರ್ ಅದರ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದರು. ಸದ್ದು ಮೇಲೆ ಹೋಗಿ, ಗೋಡೆಗೆ ತಾಗಿ, ಸೆಕೆಂಡು ತುಂಬುವ ಮೊದಲೇ ಅಡಗಿತು.

“ಈ ಕೋಣೆ ಅಂದರೆ ಇಷ್ಟೇ,” ಎಂದರು. “ಈಗ ‘ಟೆನ್’ನ ಸ್ನೇರ್ ಡ್ರಮ್ ನೆನಪಿಸಿಕೊಳ್ಳಿ. ಆ ಪೆಟ್ಟಿನ ಬಾಲ ಎಷ್ಟು ಉದ್ದ ಇದೆ? ಅದು ಇಲ್ಲಿನದಲ್ಲ.”

ಮಾತು ಅಲ್ಲೇ ನಿಂತಿತು, ಮುಂದಿನ ಕೋಣೆಗಳನ್ನು ನೋಡುವ ಆಸೆಯೂ ಹೊರಟುಹೋಯಿತು. ‘ಟೆನ್’ ರೆಕಾರ್ಡ್ ಆದದ್ದು 1991ರ ಮಾರ್ಚ್–ಏಪ್ರಿಲ್‌ನಲ್ಲಿ, ಇಲ್ಲಿ. ಮಿಕ್ಸ್, ಅಂದರೆ ಬೇರೆಬೇರೆಯಾಗಿ ಹಿಡಿದ ಸದ್ದುಗಳನ್ನು ಬೆರೆಸುವ ಕೆಲಸ, ಆದದ್ದು ಇಂಗ್ಲೆಂಡಿನ ಡಾರ್ಕಿಂಗ್ ಬಳಿಯ ರಿಜ್ ಫಾರ್ಮ್ ಸ್ಟುಡಿಯೋದಲ್ಲಿ, ಟಿಮ್ ಪಾಮರ್ ಕೈಯಲ್ಲಿ. ‘ಓಷನ್ಸ್’ ಹಾಡಿಗೆ ಪಾಮರ್ ತಾಳವಾದ್ಯವಾಗಿ ಬಳಸಿದ್ದು ಬೆಂಕಿ ಆರಿಸುವ ಸಿಲಿಂಡರ್ ಮತ್ತು ಮೆಣಸಿನ ಪುಡಿಯ ಡಬ್ಬಿ. ಇಡೀ ಆಲ್ಬಂಗೆ ಕವಿದಿರುವ ರಿವರ್ಬ್ (ಸದ್ದಿನ ಹಿಂದೆ ಉಳಿಯುವ ಗುಂಗು) ಕೂಡ ಆ ಹಂತದ್ದೇ. ಇಷ್ಟು ವರ್ಷ ಸಿಯಾಟಲ್‌ನ ಮೋಡ, ಮಂಜು ಎಂದುಕೊಂಡು ಕೇಳಿದ ಗುಂಗು ಇಂಗ್ಲೆಂಡಿನಿಂದ ಬಂದದ್ದು!

“ಹಾಗಾದರೆ ಕೋಣೆ ಕೊಟ್ಟದ್ದೇನು?” ಎಂಬ ಪ್ರಶ್ನೆಗೆ ಅವರು ನೆಲದಲ್ಲೇ ಹೆಜ್ಜೆ ಅಳೆದು ಉತ್ತರ ಕೊಟ್ಟರು. ಸ್ನೇರ್ ಚರ್ಮದಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಒಂದು ಮೈಕ್. ಅದರಿಂದ ಐದು ಮೀಟರ್ ಆಚೆ ಇನ್ನೊಂದು ಜೋಡಿ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಹೆಚ್ಚುಕಡಿಮೆ 34 ಸೆಂಟಿಮೀಟರ್ ಸಾಗುತ್ತದೆ, ಅಂದರೆ ದೂರದ ಮೈಕ್‌ಗೆ ಅದೇ ಪೆಟ್ಟು ಸುಮಾರು 15 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಕಿವಿಗೆ ಅದು ಪ್ರತಿಧ್ವನಿ ಅನ್ನಿಸುವುದಿಲ್ಲ, ಪೆಟ್ಟು ದಪ್ಪಗಾದಂತೆ ಅನ್ನಿಸುತ್ತದೆ. ಅಂತರ ಮೂವತ್ತು–ನಲವತ್ತು ಮಿಲಿಸೆಕೆಂಡ್ ದಾಟಿತೋ, ಎರಡು ಪೆಟ್ಟು ಬೇರೆಬೇರೆ ಕೇಳತೊಡಗುತ್ತವೆ.

ಕೆಡುವುದು ಎಲ್ಲಿ ಎಂಬುದನ್ನೂ ಅವರೇ ಹೇಳಿದರು. ದೂರದ ಮೈಕ್‌ಗಳನ್ನು ಕಂಪ್ರೆಸರ್‌ನಲ್ಲಿ (ಜೋರು, ಮೆಲು ಸದ್ದುಗಳ ಅಂತರ ಕುಗ್ಗಿಸುವ ಸಾಧನ) ಬಿಗಿಯಾಗಿ ಒತ್ತಿದರೆ ಕೋಣೆ ದೊಡ್ಡದಾಗಿ ಕೇಳುತ್ತದೆ ನಿಜ, ಆದರೆ ಡ್ರಮ್ಸ್‌ನ ಲೋಹದ ತಟ್ಟೆಗಳಾದ ಸಿಂಬಲ್‌ಗಳು ಎದ್ದುಬಂದು ಎಲ್ಲವನ್ನೂ ನುಂಗುತ್ತವೆ. ಡ್ರಮರ್ ಸಿಂಬಲ್ ಮೇಲೆ ಕೈ ಹಗುರ ಮಾಡದಿದ್ದರೆ ಮಿಕ್ಸಿಂಗ್‌ನಲ್ಲಿ ಸರಿಮಾಡಲು ಆಗುವುದಿಲ್ಲ. ಹತ್ತಿರದ ಮೈಕ್ ಮತ್ತು ದೂರದ ಮೈಕ್ ಒಂದನ್ನೊಂದು ಕಡಿದುಕೊಂಡರೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ತಳವೇ, ಅಂದರೆ ಮಂದ್ರ ಸದ್ದೇ, ಮಾಯ. ಆಗ ಒಂದರ ಪೊಲಾರಿಟಿ ಗುಂಡಿ (ಧ್ವನಿಯ ಅಲೆಯನ್ನು ತಲೆಕೆಳಗು ಮಾಡುವುದು) ತಿರುಗಿಸಿ ಕೇಳಬೇಕು. ಯಾವುದರಲ್ಲಿ ತಳ ತುಂಬಿ ಬರುತ್ತದೋ ಅದೇ ಸರಿ.

‘ಟೆನ್’ನ ನಿಜವಾದ ಕೋಣೆ ಕೇಳಬೇಕೆಂದರೆ ಬ್ರೆಂಡನ್ ಓಬ್ರಿಯನ್ 2009ರಲ್ಲಿ ಮಾಡಿದ ಮರುಮಿಕ್ಸ್ ಹಾಕಿಕೊಳ್ಳಿ ಎಂದು ಅವರ ಸಲಹೆ. ರಿವರ್ಬ್ ಸರಿದು ಡೇವ್ ಕ್ರೂಸನ್‌ನ ಡ್ರಮ್ಸ್ ಎದುರಿಗೇ ಬಂದು ಕೂರುತ್ತದೆ, ಗಿಟಾರ್‌ಗಳು ಎಡ–ಬಲಕ್ಕೆ ಬಿಡಿಸಿಕೊಳ್ಳುತ್ತವೆ. ಆದರೂ ‘ಬ್ಲ್ಯಾಕ್’ ಹಾಡಿಗೆ ಹಳೆಯ ಮಿಕ್ಸೇ ಸರಿ. ಕೊನೆಯಲ್ಲಿ ಗಾಯಕ ಎಡ್ಡಿ ವೆಡರ್‌ನ ದನಿ ಕರಗುತ್ತ ಹೋಗಲು ಆ ತೇವ ಬೇಕೇ ಬೇಕು. ಈ ವಿಷಯದಲ್ಲಿ ಎಂಜಿನಿಯರ್ ಒಪ್ಪಲಿಲ್ಲ.

ಇದೇ ಜಾಗ ‘ಜಾರ್ ಆಫ್ ಫ್ಲೈಸ್’ನಲ್ಲಿ ಗುರುತೇ ಸಿಗುವುದಿಲ್ಲ. 1993ರ ಸೆಪ್ಟೆಂಬರ್‌ನಲ್ಲಿ ಆಲಿಸ್ ಇನ್ ಚೇನ್ಸ್ ಹೆಚ್ಚೇನೂ ತಯಾರಿಯಿಲ್ಲದೆ ಬಂದು, ಸುಮಾರು ಒಂದು ವಾರದಲ್ಲಿ ಬರೆದು ಮುಗಿಸಿದ ಏಳು ಹಾಡುಗಳು. ಅಮೆರಿಕದ ಆಲ್ಬಂಗಳ ಜನಪ್ರಿಯತೆಯ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ನೇರ ಮೊದಲ ಸ್ಥಾನಕ್ಕೆ ಬಂದ ಮೊದಲ ಇ.ಪಿ. (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ಅದೇ. ‘ನಟ್‌ಶೆಲ್’ ಹಾಡಿನ ಅಕೂಸ್ಟಿಕ್ ಗಿಟಾರ್ ಕಿವಿಯ ಪಕ್ಕದಲ್ಲೇ ನುಡಿಯುತ್ತದೆ. ಮೈಕ್ ಹತ್ತಿರವಿದ್ದು ರಿವರ್ಬ್ ಕಡಿಮೆಯಾದಷ್ಟೂ ಕೋಣೆ ಹಿಂದೆ ಸರಿದು ಬೆರಳು ಮುಂದೆ ಬರುತ್ತದೆ.

ಬ್ಯಾಲಾರ್ಡ್ ಮತ್ತು ಫ್ರೀಮಾಂಟ್ ಬಡಾವಣೆಗಳ ನಡುವೆ, ಲಿಯರಿ ವೇ ರಸ್ತೆಯಲ್ಲಿರುವ ತ್ರಿಕೋನಾಕಾರದ ಚಿಕ್ಕ ಕಟ್ಟಡ ಇದಕ್ಕೆ ತದ್ವಿರುದ್ಧ. ಆಗಿನ ಹೆಸರು ರಿಸಿಪ್ರೋಕಲ್ ರೆಕಾರ್ಡಿಂಗ್. ಎಂಜಿನಿಯರ್ ಜ್ಯಾಕ್ ಎಂಡಿನೋ ಇಲ್ಲೇ ನಿರ್ವಾಣ ಬ್ಯಾಂಡ್‌ನ ‘ಬ್ಲೀಚ್’ ರೆಕಾರ್ಡ್ ಮಾಡಿದ್ದು. ಸುಮಾರು 30 ಗಂಟೆ ಕೆಲಸ, 606.17 ಡಾಲರ್ ಖರ್ಚು. ಹಣ ಕೊಟ್ಟವನು ಜೇಸನ್ ಎವರ್‌ಮನ್. ಹೊದಿಕೆಯಲ್ಲಿ ಗಿಟಾರ್ ವಾದಕನೆಂದು ಅವನ ಹೆಸರಿದೆ, ಆಲ್ಬಂನಲ್ಲಿ ಅವನು ನುಡಿಸಿಲ್ಲ. ಬೇರೆಬೇರೆ ಸದ್ದು ಹಿಡಿಯಲು ಟೇಪಿನಲ್ಲಿ ಇದ್ದದ್ದು ಎಂಟೇ ಟ್ರ್ಯಾಕ್. ಡ್ರಮ್ಸ್‌ಗೆ ಮೂರು–ನಾಲ್ಕು ಹೋದರೆ ಬೇಸ್‌ಗೆ ಒಂದು, ಉಳಿದದ್ದರಲ್ಲಿ ಗಿಟಾರ್ ಮತ್ತು ದನಿ. ಆಮೇಲೆ ಅಲಂಕರಿಸಲು ಜಾಗವೇ ಇಲ್ಲ, ನುಡಿಸಿದ್ದೇ ಅಂತಿಮ. ಮಡ್‌ಹನಿ ಬ್ಯಾಂಡ್‌ನ 1988ರ ‘ಸೂಪರ್‌ಫಝ್ ಬಿಗ್‌ಮಫ್’ ಕೂಡ ಇಲ್ಲಿಯದೇ. ಯೂನಿವಾಕ್ಸ್ ಸೂಪರ್‌ಫಝ್, ಎಲೆಕ್ಟ್ರೋ ಹಾರ್ಮೋನಿಕ್ಸ್ ಬಿಗ್ ಮಫ್ ಎಂಬ, ಗಿಟಾರ್ ಸದ್ದನ್ನು ಒರಟಾಗಿಸುವ ಎರಡು ಪೆಡಲ್‌ಗಳ ಹೆಸರನ್ನೇ ಜೋಡಿಸಿ ಇಟ್ಟ ಶೀರ್ಷಿಕೆ. ಗ್ರಂಜ್ ಅಂದರೇನು ಎಂದು ಯಾರಾದರೂ ಕೇಳಿದರೆ ನಿರ್ವಾಣದ ‘ನೆವರ್‌ಮೈಂಡ್’ಗಿಂತ ಮೊದಲು ಇದನ್ನೇ ಕೇಳಿಸಬೇಕು.

ಹಳೆಯ ರೆಕಾರ್ಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಈ ಕಹಿ ಇನ್ನೂ ಹೋಗಿಲ್ಲ. ನಗರದ ಒಂದು ಅಂಗಡಿಯಲ್ಲಿ ‘ಬ್ಲೀಚ್’ನ ಬಿಳಿ ವಿನೈಲ್‌ಗೆ ‘ಮೂಲ ಪ್ರತಿ’ ಎಂಬ ಚೀಟಿ ಅಂಟಿಸಿ, ಅದಕ್ಕೆ ತಕ್ಕ ಬೆಲೆ ಬರೆದು, ಪ್ಲಾಸ್ಟಿಕ್ ಬಿಚ್ಚಲು ಬಿಡದೆ ಮಾರಿದರು. ಬಿಚ್ಚಿದಾಗ ಒಳಗಿದ್ದದ್ದು ಮರುಮುದ್ರಣ. ವಾಪಸ್ ತೆಗೆದುಕೊಳ್ಳಲೂ ಒಪ್ಪಲಿಲ್ಲ. 1989ರಲ್ಲಿ ಸಬ್ ಪಾಪ್ ರೆಕಾರ್ಡ್ ಕಂಪನಿ ಮೊದಲ 1000 ಪ್ರತಿಗಳನ್ನು ಬಿಳಿ ವಿನೈಲ್‌ನಲ್ಲಿ ತಂದಿತ್ತು, ಮುಂದಿನ 2000 ಪೋಸ್ಟರ್ ಸಮೇತ ಬಂದವು. ಆದರೆ 2009ರ ಇಪ್ಪತ್ತನೇ ವರ್ಷದ ಆವೃತ್ತಿಯೂ ಬಿಳಿಯಲ್ಲಿ ಬಂದಿದೆ. ಅದರಲ್ಲಿ ಎರಡು ರೆಕಾರ್ಡ್, 1990ರ ಪೋರ್ಟ್‌ಲ್ಯಾಂಡ್‌ನ ಸಂಗೀತ ಕಛೇರಿ ಸೇರಿಸಿದ್ದಾರೆ. ಬರೀ ಬಣ್ಣ ನೋಡಿ ದುಡ್ಡು ಬಿಚ್ಚಬೇಡಿ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗಿನ ಖಾಲಿ ಅಂಚನ್ನು ದೀಪಕ್ಕೆ ಓರೆಯಾಗಿ ಹಿಡಿದು, ಅಲ್ಲಿ ಕೊರೆದ ಅಕ್ಷರ–ಅಂಕಿಗಳನ್ನು ಮೊಬೈಲ್‌ನಲ್ಲಿ ಹುಡುಕಿ ತಾಳೆ ನೋಡಿ. ಅದನ್ನು ನೋಡಲು ಬಿಡದ ಅಂಗಡಿಯಿಂದ ಹೊರಗೆ ಬನ್ನಿ. ವಿಮಾನದಲ್ಲಿ ತರುವಾಗ ರೆಕಾರ್ಡನ್ನು ಹೊದಿಕೆಯಿಂದ ತೆಗೆದು, ಒಳಚೀಲದ ಸಮೇತ ಹೊದಿಕೆಯ ಹಿಂದೆ ಇಟ್ಟು ಕಟ್ಟಿ. ಒಳಗೇ ಬಿಟ್ಟರೆ ಪೆಟ್ಟಿಗೆ ಬಿದ್ದಾಗ ರೆಕಾರ್ಡಿನ ಅಂಚು ಬಡಿದು ಹೊದಿಕೆಯ ಅಂಟಿಸಿದ ಅಂಚನ್ನು ಸೀಳುತ್ತದೆ.

ಸ್ಪೇಸ್ ನೀಡಲ್ ಪಕ್ಕದ ಮೊಪಾಪ್ ಮ್ಯೂಸಿಯಂನಲ್ಲಿ ಗಾಜಿನೊಳಗಿನ ಗಿಟಾರ್‌ಗಳು ಬೇಕಾದಷ್ಟಿವೆ. ಮೂಕವಾಗಿ ನೇತುಹಾಕಿದ ವಾದ್ಯ ನೋಡಿ ಸಿಗುವುದು ಅಷ್ಟಕ್ಕಷ್ಟೇ.

ವಾಷಿಂಗ್ಟನ್ ಸರೋವರದ ದಂಡೆಯ ‘ಎ ಸೌಂಡ್ ಗಾರ್ಡನ್’ ಮಾತ್ರ ತಪ್ಪಿಸಬಾರದು. ಡಗ್ಲಸ್ ಹಾಲಿಸ್ ಮಾಡಿದ 12 ಉಕ್ಕಿನ ಗೋಪುರಗಳು, ಗಾಳಿ ಬೀಸಿದಾಗ ಊದುವ ಕೊಳವೆಗಳು. ಸೌಂಡ್‌ಗಾರ್ಡನ್ ಬ್ಯಾಂಡ್ ಹೆಸರು ಪಡೆದದ್ದು ಇಲ್ಲಿಂದ. ಜಾಗ ಇರುವುದು ಹವಾಮಾನ, ಸಾಗರಗಳ ಅಧ್ಯಯನ ಮಾಡುವ ನೋವಾ ಸಂಸ್ಥೆಯ ಸರ್ಕಾರಿ ಆವರಣದೊಳಗೆ. ವಾರಾಂತ್ಯದಲ್ಲಿ ಪ್ರವೇಶವಿಲ್ಲ, ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ಇರುವವರು ಹೋಗುವ ಮುನ್ನ ಗೇಟಿನ ನಿಯಮ ವಿಚಾರಿಸಿಕೊಳ್ಳಿ. ಗಾಳಿ ಇಲ್ಲದ ದಿನ ಹೋದರೆ ಏನೂ ಕೇಳುವುದಿಲ್ಲ. ಬ್ಯಾಂಡ್‌ನ ಗಿಟಾರ್ ವಾದಕ ಕಿಮ್ ಥೈಲ್ ಕೇರಳ ಮೂಲದ ದಂಪತಿಯ ಮಗ. ಆರನೇ ತಂತಿಯನ್ನು ‘ಇ’ಯಿಂದ ‘ಡಿ’ಗೆ ಇಳಿಸಿ, ಒಂದೇ ಬೆರಳಲ್ಲಿ ಪವರ್ ಕಾರ್ಡ್ (ಒಟ್ಟಿಗೆ ನುಡಿಸುವ ಎರಡು–ಮೂರು ತಂತಿಗಳ ಸ್ವರಗುಚ್ಛ) ಹಿಡಿಯುವ ಶೈಲಿಯನ್ನು ಅವನ ನುಡಿಸಾಣಿಕೆಯಲ್ಲೇ ಕಲಿಯಬೇಕು. ಮೊದಲು ‘ಔಟ್‌ಶೈನ್ಡ್’ ಹಾಡು ತೆಗೆದುಕೊಳ್ಳಿ. ತಂತಿ ತೆಳ್ಳಗಿದ್ದರೆ ಸಡಿಲಾಗಿ ಪಟಪಟ ಹೊಡೆಯುತ್ತದೆ, ಒಂದು ಗಾತ್ರ ದಪ್ಪದ್ದು ಹಾಕಿ.

ನಿರ್ವಾಣದ ಗಾಯಕ ಕರ್ಟ್ ಕೊಬೇನ್‌ನ ಊರು ಅಬರ್ಡೀನ್ ಸುಮಾರು 175 ಕಿಲೋಮೀಟರ್ ದೂರ, ಒಲಿಂಪಿಯಾ ದಾಟಿ ಹೋಗಬೇಕು. ದಾರಿಯಲ್ಲೇ ಮೆಲ್ವಿನ್ಸ್ ಬ್ಯಾಂಡ್‌ನ ಊರು ಮಾಂಟೆಸಾನೋ ಸಿಗುತ್ತದೆ. ವಿಷ್ಕಾ ನದಿಯ ಯಂಗ್ ಸ್ಟ್ರೀಟ್ ಸೇತುವೆ ಕೆಳಗೆ ಕರ್ಟ್ ಮಲಗುತ್ತಿದ್ದ ಎಂಬ ಕಥೆಯನ್ನು ಗೆಳೆಯ ಕ್ರಿಸ್ಟ್ ನೊವೊಸೆಲಿಕ್ ಒಪ್ಪಿಲ್ಲ. ದಂಡೆ ನೋಡಿದರೆ ಕಾರಣ ಗೊತ್ತಾಗುತ್ತದೆ: ಸಮುದ್ರದ ಉಬ್ಬರ ಇಲ್ಲಿಯವರೆಗೂ ಏರುತ್ತದೆ, ಇಳಿದಾಗ ಉಳಿಯುವುದು ಕೆಸರು. ಆ ಸೇತುವೆಯ ಹಾಡು ‘ಸಮ್‌ಥಿಂಗ್ ಇನ್ ದ ವೇ’ ರೆಕಾರ್ಡ್ ಆದದ್ದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ಲಾಸ್ ಏಂಜಲೀಸ್‌ನ ಸೌಂಡ್ ಸಿಟಿ ಸ್ಟುಡಿಯೋದಲ್ಲಿ. ಕೊಬೇನ್ ಕಂಟ್ರೋಲ್ ರೂಮಿನ ಸೋಫಾ ಮೇಲೆ ಮಲಗಿ, ಐದೇ ತಂತಿಯ ಹಳೆಯ ಸ್ಟೆಲ್ಲಾ ಗಿಟಾರ್ ಹಿಡಿದು ಪಿಸುಗುಟ್ಟಿದ, ನಿರ್ಮಾಪಕ ಬುಚ್ ವಿಗ್ ಅದನ್ನೇ ಉಳಿಸಿಕೊಂಡ. ಗಿಟಾರ್‌ನ ಶ್ರುತಿ ಸರಿಯಿರಲಿಲ್ಲ, ಆಮೇಲೆ ಸೇರಿಸಿದ ಚೆಲ್ಲೋವನ್ನು ಅದಕ್ಕೆ ಹೊಂದಿಸಲು ಕಿರ್ಕ್ ಕ್ಯಾನಿಂಗ್ ಒದ್ದಾಡಬೇಕಾಯಿತು.

ಅಬರ್ಡೀನ್‌ಗೆ ಹೊರಡುವ ಮುಂಚೆ ಉಬ್ಬರ–ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ, ಜಾರದ ಬೂಟು ಹಾಕಿಕೊಳ್ಳಿ.